ಲೌಡನ್ ಕೌಂಟಿಯ ಮತಗಳನ್ನು ನಾನು ಓದಿದ ಬಗೆ

ಅಮೆರಿಕದ ವರ್ಜೀನಿಯಾ ರಾಜ್ಯದ ಲೌಡನ್ ಕೌಂಟಿ (ನಮ್ಮ ಜಿಲ್ಲೆಯಂಥ ಆಡಳಿತ ಘಟಕ) 2004ರ ಅಧ್ಯಕ್ಷೀಯ ಚುನಾವಣೆಯಲ್ಲಿ ಜಾರ್ಜ್ ಬುಷ್ ಅವರಿಗೆ ಸುಮಾರು ಶೇಕಡಾ 56ರಷ್ಟು ಮತ ನೀಡಿತ್ತು. 2020ರಲ್ಲಿ ಅದೇ ಕೌಂಟಿ ಜೋ ಬೈಡನ್ ಅವರಿಗೆ ಶೇಕಡಾ 61ಕ್ಕಿಂತ ಹೆಚ್ಚು ಮತ ನೀಡಿತು. ರಿಪಬ್ಲಿಕನ್ನರ ನೆಲ ಡೆಮಾಕ್ರಟರ ಪಾಲಾದದ್ದು ಹೇಗೆ ಎಂದು ಕೇಳಿದರೆ, ಜನ ಮನಸ್ಸು ಬದಲಿಸಿದರು ಎಂಬ ಉತ್ತರವೇ ಹೆಚ್ಚಾಗಿ ಸಿಗುತ್ತದೆ. ಇಲ್ಲಿ ನೆಲೆಸಿ, ಇಲ್ಲಿಯ ಮತದಾರನಾದ ಮೇಲೆ ಈ ಉತ್ತರವನ್ನು ಅಂಕಿಗಳ ಮುಂದಿಟ್ಟು ಪರೀಕ್ಷಿಸಬೇಕೆನಿಸಿತು. ಕರ್ನಾಟಕದಲ್ಲಿ ಫಲಿತಾಂಶದ ಮರುದಿನವೇ ಬೂತ್‌ವಾರು ಲೆಕ್ಕ ಹಿಡಿದು ಕೂರುವವರನ್ನು ಕಂಡು ಬೆಳೆದ ನನಗೆ ಅದೇ ಸಹಜವಾದ ದಾರಿಯಾಗಿತ್ತು.

ಮೊದಲು ಜನಗಣತಿಯನ್ನು ನೋಡಿದೆ. 2000ದಲ್ಲಿ ಕೌಂಟಿಯ ಜನಸಂಖ್ಯೆ ಸುಮಾರು 1.70 ಲಕ್ಷ, 2010ರಲ್ಲಿ 3.12 ಲಕ್ಷ, 2020ರಲ್ಲಿ 4.21 ಲಕ್ಷ. ಇಲ್ಲಿಯ ಡಲ್ಲಸ್ (Dulles) ವಿಮಾನ ನಿಲ್ದಾಣದ ಸುತ್ತಲಿನ ತಂತ್ರಜ್ಞಾನದ ಕೆಲಸಗಳು ಕೌಂಟಿಯ ಪೂರ್ವ ಭಾಗದ ಆಶ್‌ಬರ್ನ್, ಬ್ರ್ಯಾಂಬಲ್ಟನ್, ಸೌತ್ ರೈಡಿಂಗ್‌ಗಳ ಹೊಲಗದ್ದೆಗಳನ್ನು ಬಡಾವಣೆಗಳಾಗಿ ಮಾಡಿದವು. ಅಂದರೆ 2004ರಲ್ಲಿ ಮತ ಹಾಕಿದವರೂ 2020ರಲ್ಲಿ ಮತ ಹಾಕಿದವರೂ ಬಹುಮಟ್ಟಿಗೆ ಬೇರೆ ಬೇರೆ ಜನ. ಪಶ್ಚಿಮದ ಪರ್ಸೆಲ್‌ವಿಲ್, ಲವೆಟ್ಸ್‌ವಿಲ್ ಕಡೆಯ ಕೃಷಿ ಪ್ರದೇಶ ಈಗಲೂ ರಿಪಬ್ಲಿಕನ್ನರತ್ತ ವಾಲುತ್ತದೆ. ಆ ಭಾಗದ ಒಲವು ಅಳಿದುಹೋಗಿಲ್ಲ. ಪೂರ್ವದ ಸಂಖ್ಯೆಯ ಮುಂದೆ ಅದರ ತೂಕ ತಗ್ಗಿದೆ, ಅಷ್ಟೆ.

ವರ್ಜೀನಿಯಾದಲ್ಲಿ ಮತದಾರರು ನೋಂದಣಿಯ ವೇಳೆ ತಮ್ಮ ಪಕ್ಷವನ್ನು ದಾಖಲಿಸುವ ಪದ್ಧತಿಯಿಲ್ಲ. ಹಾಗಾಗಿ ಒಲವನ್ನು ಅಳೆಯಲು ಮತಗಟ್ಟೆವಾರು ಫಲಿತಾಂಶವೇ ಮುಖ್ಯ ಆಧಾರ. ರಾಜ್ಯ ಚುನಾವಣಾ ಇಲಾಖೆ ಪ್ರಕಟಿಸುವ ಅಂಕಿಗಳನ್ನು ಇಳಿಸಿಕೊಂಡು, ಮತಗಟ್ಟೆಗೊಂದು ಸಾಲಿನಂತೆ ಸ್ಪ್ರೆಡ್‌ಶೀಟ್ ಮಾಡಿದೆ. ನೋಂದಾಯಿತ ಮತದಾರರು, ಚಲಾವಣೆಯಾದ ಮತ, ಎರಡೂ ಪಕ್ಷಗಳಿಗೆ ಬಿದ್ದ ಮತ, ಇವಿಷ್ಟೇ ಅದರ ಕಾಲಂಗಳು. ಅಧ್ಯಕ್ಷೀಯ ಚುನಾವಣೆಗೂ ಅದರ ಮರುವರ್ಷ ಬರುವ ಗವರ್ನರ್ (ಇಲ್ಲಿ ರಾಜ್ಯದ ಚುನಾಯಿತ ಆಡಳಿತ ಮುಖ್ಯಸ್ಥ) ಚುನಾವಣೆಗೂ ಬೇರೆ ಬೇರೆ ಹಾಳೆಗಳನ್ನು ಇಟ್ಟೆ. ಕ್ಷೇತ್ರ ಮರುವಿಂಗಡಣೆಯಿಂದ ಗಡಿ ಬದಲಾದ ಮತಗಟ್ಟೆಗಳನ್ನು ಹೋಲಿಕೆಯಿಂದ ಹೊರಗಿಟ್ಟೆ.

ಹಾಳೆಗಳನ್ನು ಬೇರೆ ಮಾಡಿದ್ದರ ಪ್ರಯೋಜನ 2021ರ ಫಲಿತಾಂಶದಲ್ಲಿ ಕಂಡಿತು. ಶಾಲಾ ಮಂಡಳಿಯ ಸುತ್ತ ಎದ್ದ ವಿವಾದಗಳಿಂದ ಲೌಡನ್ ಇಡೀ ದೇಶದ ಸುದ್ದಿಯಾಗಿದ್ದ ವರ್ಷವದು. 2020ರಲ್ಲಿ ಬೈಡನ್ ಸುಮಾರು 1,38,000, ಟ್ರಂಪ್ ಸುಮಾರು 82,000 ಮತ ಪಡೆದಿದ್ದರು; ಮರುವರ್ಷ ಗವರ್ನರ್ ಚುನಾವಣೆಯಲ್ಲಿ ಡೆಮಾಕ್ರಟರ ಟೆರ್ರಿ ಮೆಕಾಲಿಫ್ ಸುಮಾರು 89,000, ರಿಪಬ್ಲಿಕನ್ನರ ಗ್ಲೆನ್ ಯಂಗ್‌ಕಿನ್ ಸುಮಾರು 71,000. ಡೆಮಾಕ್ರಟರ ಐವತ್ತು ಸಾವಿರದಷ್ಟು ಮತ ಒಂದೇ ವರ್ಷದಲ್ಲಿ ಕರಗಿಹೋಯಿತೆಂದು ಮೇಲ್ನೋಟಕ್ಕೆ ಅನಿಸುತ್ತದೆ. ಆದರೆ ಗವರ್ನರ್ ಚುನಾವಣೆಗೆ ಮತ ಹಾಕುವವರೇ ಕಡಿಮೆ, ಆದ್ದರಿಂದ ಅದನ್ನು ಇನ್ನೊಂದು ಗವರ್ನರ್ ಚುನಾವಣೆಯ ಪಕ್ಕದಲ್ಲೇ ಇಡಬೇಕು. 2017ರಲ್ಲಿ ಇದೇ ಕೌಂಟಿಯಲ್ಲಿ ಡೆಮಾಕ್ರಟರ ರಾಲ್ಫ್ ನಾರ್ದಮ್ ಸುಮಾರು 70,000, ರಿಪಬ್ಲಿಕನ್ನರ ಎಡ್ ಗಿಲೆಸ್ಪಿ ಸುಮಾರು 46,000 ಮತ ಗಳಿಸಿದ್ದರು. ನಾಲ್ಕು ವರ್ಷಗಳಲ್ಲಿ ಎರಡೂ ಪಕ್ಷಗಳ ಮತ ಏರಿದೆ. ರಿಪಬ್ಲಿಕನ್ನರದ್ದು ಹೆಚ್ಚು ಏರಿದೆ. ಬದಲಾವಣೆ ನಿಜವಾಗಿಯೂ ಆಗಿತ್ತು, ಆದರೆ ಡೆಮಾಕ್ರಟರು ಕುಸಿದರು ಎನ್ನುವಂಥದ್ದಾಗಿರಲಿಲ್ಲ. ಮೆಕಾಲಿಫ್ ರಾಜ್ಯದಲ್ಲಿ ಸೋತರೂ ಲೌಡನ್‌ನಲ್ಲಿ ಶೇಕಡಾ 55ರಷ್ಟು ಮತ ಪಡೆದಿದ್ದರು.

ಮತ್ತೊಂದು ತೊಡಕನ್ನು ಮತಗಟ್ಟೆ ಅಧಿಕಾರಿಯಾಗಿ ಕೆಲಸ ಮಾಡಿದ್ದರಿಂದ ಹತ್ತಿರದಿಂದ ಬಲ್ಲೆ. ಸಂಜೆ ಏಳಕ್ಕೆ ಮತದಾನ ಮುಗಿದ ಮೇಲೆ ಸ್ಕ್ಯಾನರ್ ಯಂತ್ರ ಉದ್ದನೆಯ ಕಾಗದದ ಪಟ್ಟಿಯಲ್ಲಿ ಫಲಿತಾಂಶ ಮುದ್ರಿಸುತ್ತದೆ, ನಾವೆಲ್ಲ ಅದಕ್ಕೆ ಸಹಿ ಹಾಕುತ್ತೇವೆ. ಆ ಪಟ್ಟಿಯಲ್ಲಿರುವುದು ಅಂದು ಅಲ್ಲಿಗೆ ಬಂದು ಹಾಕಿದ ಮತ ಮಾತ್ರ. 2020ರಲ್ಲಿ ರಾಜ್ಯದ ಅರ್ಧಕ್ಕಿಂತ ಹೆಚ್ಚು ಮತದಾರರು ಮೊದಲೇ, ಖುದ್ದಾಗಿ ಅಥವಾ ಅಂಚೆಯಲ್ಲಿ, ಮತ ಹಾಕಿದ್ದರು. ಆ ಮತಗಳು ಅವರವರ ಮತಗಟ್ಟೆಗೆ ಸೇರದೆ, ಕೌಂಟಿಯ ಒಂದೇ ಕೇಂದ್ರ ಎಣಿಕೆಯಲ್ಲಿ ಒಟ್ಟಾದವು. ಮೊದಲೇ ಮತ ಹಾಕಿದವರಲ್ಲಿ ಡೆಮಾಕ್ರಟರೇ ಹೆಚ್ಚಿದ್ದುದರಿಂದ, ಆ ವರ್ಷದ ಮತಗಟ್ಟೆ ಅಂಕಿಗಳನ್ನಷ್ಟೇ ನೋಡಿದವರಿಗೆ ತಮ್ಮ ಬಡಾವಣೆ ಇದ್ದುದಕ್ಕಿಂತ ಬಹಳ ಹೆಚ್ಚು ರಿಪಬ್ಲಿಕನ್ ಆಗಿ ಕಾಣುತ್ತದೆ. ಆಮೇಲೆ ಕಾನೂನು ಬದಲಾಗಿ, ಮುಂಗಡ ಮತಗಳನ್ನೂ ಮತಗಟ್ಟೆವಾರು ವರದಿ ಮಾಡತೊಡಗಿದರು. ಆದ್ದರಿಂದ 2020ನ್ನು ನಾನು ಕೌಂಟಿಯ ಮಟ್ಟದಲ್ಲಿ ಮಾತ್ರ ಬಳಸುತ್ತೇನೆ. ಅಲ್ಲಿಂದ 2024ಕ್ಕೆ ಬಂದರೆ, ಕಮಲಾ ಹ್ಯಾರಿಸ್ ಇಲ್ಲಿ ಗೆದ್ದರೂ ಅವರ ಪಾಲು ಬೈಡನ್ ಅವರದ್ದಕ್ಕಿಂತ ಸುಮಾರು ಐದು ಶೇಕಡಾವಾರು ಅಂಶ ಕಡಿಮೆ.

ನಮ್ಮವರಲ್ಲಿ ಈ ಚರ್ಚೆ ಬಂದಾಗ ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ. ಕೌಂಟಿಯ ಸುಮಾರು ಐದನೇ ಒಂದು ಭಾಗ ಏಷ್ಯಾ ಮೂಲದವರು. 2024ರಲ್ಲಿ ಲೌಡನ್ ಒಳಗೊಂಡ ಹತ್ತನೇ ಕ್ಷೇತ್ರದಿಂದ ಭಾರತೀಯ ಮೂಲದ ಡೆಮಾಕ್ರಟ್ ಸುಹಾಸ್ ಸುಬ್ರಮಣ್ಯಮ್ ಅಮೆರಿಕದ ಸಂಸತ್ತಿಗೆ ಆಯ್ಕೆಯಾದರು. ಇದನ್ನು ಹಿಡಿದು, ಭಾರತೀಯರು ಹೆಚ್ಚಿರುವ ಮತಗಟ್ಟೆಯಲ್ಲಿ ಯಾವ ಪಕ್ಷ ಗೆದ್ದಿತೋ ಭಾರತೀಯರೆಲ್ಲ ಅದಕ್ಕೇ ಮತ ಹಾಕಿದರು ಎಂದು ತೀರ್ಮಾನಿಸುವುದನ್ನು ಆಗಾಗ ಕೇಳುತ್ತೇನೆ. ಮತಗಟ್ಟೆಯ ಮೊತ್ತ ಮತಗಟ್ಟೆಯದ್ದೇ ಹೊರತು ಯಾವ ಸಮುದಾಯದ್ದೂ ಅಲ್ಲ. ಅಲ್ಲಿ ಯಾರು ಮನೆಯಲ್ಲೇ ಉಳಿದರು, ಯಾರಿಗೆ ಇನ್ನೂ ಪೌರತ್ವ ಬಂದಿಲ್ಲ ಎಂಬುದು ಅದರಲ್ಲಿ ಕಾಣುವುದಿಲ್ಲ. ಹೀಗಾಗಿ ನನ್ನ ಹಾಳೆಯಲ್ಲಿ ಸಮುದಾಯಕ್ಕೆ ಕಾಲಂ ಇಲ್ಲ. ಡೆಮಾಕ್ರಟ್ ಅಬಿಗೇಲ್ ಸ್ಪ್ಯಾನ್‌ಬರ್ಗರ್ ಗೆದ್ದ 2025ರ ಗವರ್ನರ್ ಚುನಾವಣೆಗೆ ಮಾತ್ರ 2017, 2021ರ ಪಕ್ಕದಲ್ಲಿ ಹೊಸ ಕಾಲಂಗಳನ್ನು ಸೇರಿಸಿದ್ದೇನೆ.