ಕಾಣಕೋಣ, ಸಾಂಗೇ ಕಡೆ ಸ್ಪೀಚ್ ಥೆರಪಿಸ್ಟ್ ನಿಲ್ಲಬೇಕಾದರೆ

ದಕ್ಷಿಣ ಗೋವಾದ ಕಾಣಕೋಣ, ಸಾಂಗೇ ತಾಲೂಕುಗಳಲ್ಲಿ ಮಾತಿನ ಚಿಕಿತ್ಸಾ ಕೇಂದ್ರ ನಡೆಸುವ ಸಂಘ, ಟ್ರಸ್ಟುಗಳು ಥೆರಪಿಸ್ಟ್ ಬಿಟ್ಟುಹೋದಾಗಲೆಲ್ಲ ಸಂಬಳವನ್ನೇ ದೂರುತ್ತವೆ. ಸಂಬಳದ ಜೊತೆ ಮನೆ, ಬಸ್ಸು, ಕೆಲಸದಲ್ಲಿನ ಒಂಟಿತನ ಇವನ್ನೂ ನೋಡಬೇಕು.

ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಇರುವವರನ್ನೇ ತೆಗೆದುಕೊಳ್ಳಿ, ಅದರಲ್ಲಿ ರಾಜಿ ಬೇಡ. ಈ ಕೋರ್ಸ್ ಕಲಿಸುವ ಮೈಸೂರಿನ ಆಯಿಷ್ (ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ), ಮುಂಬೈನ ಅಲಿ ಯಾವರ್ ಜಂಗ್ ಸಂಸ್ಥೆ, ಮಂಗಳೂರಿನ ಕಾಲೇಜುಗಳಿಗೆ ಜಾಹೀರಾತು ಕಳಿಸಿ. ಬಂದ ಅರ್ಜಿಗಳಲ್ಲಿ ಕಾರವಾರ, ಅಂಕೋಲಾ, ಜೋಯಿಡಾ ಕಡೆಯವರಿದ್ದರೆ ಅವರನ್ನು ಮೊದಲು ಕರೆಯಿರಿ. ಊರಿನ ಮಗುವಿಗೆ ಕೊಂಕಣಿ ಬೇಕು, ವಿಜಯಪುರ, ಬಾಗಲಕೋಟೆಯಿಂದ ದುಡಿಯಲು ಬಂದವರ ಮಗುವಿಗೆ ಕನ್ನಡ ಬೇಕು. ಕಾರವಾರ ಕಡೆಯ ಅನೇಕರಿಗೆ ಎರಡೂ ಬರುತ್ತವೆ. ಶನಿವಾರ ಸಂಜೆ ಬಸ್ಸು ಹತ್ತಿದರೆ ರಾತ್ರಿ ಊಟಕ್ಕೆ ಮನೆಯಲ್ಲಿರುತ್ತಾರೆ ಎಂಬುದೂ ಸಣ್ಣ ಮಾತಲ್ಲ.

ಮನೆಯನ್ನು ಟ್ರಸ್ಟಿನ ಹೆಸರಿನಲ್ಲೇ ಬಾಡಿಗೆಗೆ ಹಿಡಿಯಿರಿ. ಕಾಣಕೋಣದ ಕಡಲತೀರದಲ್ಲಿ ಒಂದು ತೊಡಕಿದೆ. ನವೆಂಬರಿನಲ್ಲಿ 11 ತಿಂಗಳ ಕರಾರು ಮಾಡಿಕೊಂಡರೆ ಅದು ಸೆಪ್ಟೆಂಬರ್ ಕೊನೆಗೆ ಮುಗಿಯುತ್ತದೆ. ಪ್ರವಾಸಿಗರ ಸೀಸನ್ ಶುರುವಾಗುವುದೂ ಆಗಲೇ. ಮಾಲೀಕರು ಮನೆ ಖಾಲಿ ಮಾಡಿಸಿ ದಿನಬಾಡಿಗೆಗೆ ಕೊಡಲು ನೋಡುತ್ತಾರೆ. ಕರಾರು ಜೂನ್‌ನಿಂದ ಇರಲಿ. ಆಗ ಸೀಸನ್ ಇಡೀ ಅದರೊಳಗೇ ಬರುತ್ತದೆ.

ದಿನಕ್ಕೆ 40 ನಿಮಿಷದ ಆರು ಸೆಷನ್ ಸಾಕು, ಪ್ರತಿಯೊಂದರ ನಂತರ ಬರೆದಿಡಲು 10 ನಿಮಿಷ ಬಿಡಿ. ಬೇರೆ ಹಳ್ಳಿಗೆ ಹೋಗುವ ದಿನ ನಾಲ್ಕಕ್ಕಿಂತ ಹೆಚ್ಚು ಬೇಡ, ಕದಂಬ ಬಸ್ಸಿನಲ್ಲಿ ಕುಳಿತ ಹೊತ್ತೂ ಕೆಲಸದ ಹೊತ್ತೇ. ಮಳೆಗಾಲದಲ್ಲಿ ಸ್ಕೂಟರಿನಲ್ಲಿ ಕಳಿಸಬೇಡಿ. ಪಿಂಚಣಿ ಅರ್ಜಿ ತುಂಬಿಸುವುದು, ಸಮಾರಂಭದ ನಿರೂಪಣೆ ಇವನ್ನೆಲ್ಲ “ನಿಮಗೆ ಮಾತು ಚೆನ್ನಾಗಿ ಬರುತ್ತಲ್ಲ” ಎಂದು ತಲೆಗೆ ಕಟ್ಟುವುದೂ ಬೇಡ.

ತಗಡಿನ ಚಾವಣಿಯ ಕೋಣೆ ಬೇಡವೇ ಬೇಡ. ಜೂನ್ ಮಳೆ ಬಿದ್ದರೆ ಮೆಲುದನಿಗಳು ಮಗುವಿಗೆ ಕೇಳಿಸುವುದಿಲ್ಲ, ಕಿವಿ ಪರೀಕ್ಷಿಸುವ ಆಡಿಯೋಮೀಟರ್ ಯಂತ್ರ ಮಗುವಿಗೆ ಇಲ್ಲದ ಕಿವುಡನ್ನು ತೋರಿಸುತ್ತದೆ. ತಪ್ಪು ವರದಿಗೆ ಸಹಿ ಹಾಕಬೇಕಾದವರು ಹೆಚ್ಚು ದಿನ ನಿಲ್ಲುವುದಿಲ್ಲ. ಸ್ಲ್ಯಾಬಿನ ಮನೆಯ ಒಳಕೋಣೆ ಹುಡುಕಿ, ಯಂತ್ರವನ್ನು ವರ್ಷಕ್ಕೊಮ್ಮೆ ಕ್ಯಾಲಿಬ್ರೇಷನ್ ಮಾಡಿಸಿ. ಕಡಲ ತೇವಕ್ಕೆ ಶ್ರವಣ ಸಾಧನ ಬೇಗ ಕೆಡುತ್ತದೆ, ಪ್ರತಿ ಮನೆಗೂ ಸಿಲಿಕಾ ಜೆಲ್ ಹಾಕಿದ ಬಿಗಿ ಮುಚ್ಚಳದ ಡಬ್ಬಿ ಕೊಡಿ. ರಾತ್ರಿ ಸಾಧನವನ್ನು ಅದರಲ್ಲಿಡುವಾಗ ಬ್ಯಾಟರಿ ಹೊರಗೆ ತೆಗೆಯಬೇಕು, ಇದನ್ನು ತಾಯಂದಿರಿಗೆ ಕೈಯಾರೆ ಮಾಡಿ ತೋರಿಸಿ.

ಹೆಚ್ಚು ಗಮನ ಬೇಕಾದದ್ದು ಒಂಟಿತನಕ್ಕೆ. ಇಪ್ಪತ್ತಮೂರರ ವಯಸ್ಸಿನವರ ಮುಂದೆ ಒಂದೇ ದಿನ ಉಗ್ಗು, ಸೀಳಂಗುಳ, ಆಟಿಸಂ, ಲಕ್ವಾ ಹೊಡೆದು ಮಾತು ಹೋದ ಅಜ್ಜ ಬಂದು ಕೂರುತ್ತಾರೆ. ಕೇಳಲು ಯಾರೂ ಇಲ್ಲದಿದ್ದರೆ ಹೆದರಿಕೆಯಾಗುತ್ತದೆ. ಒಬ್ಬ ಹಿರಿಯ ಥೆರಪಿಸ್ಟಿಗೆ ಗೌರವಧನ ಕೊಟ್ಟು ವಾರಕ್ಕೆ ಒಂದು ಗಂಟೆ ವಿಡಿಯೋ ಕರೆ ಗೊತ್ತುಮಾಡಿ. ಪಾಲಕರ ಲಿಖಿತ ಒಪ್ಪಿಗೆ ಪಡೆದು ಕಷ್ಟದ ಸೆಷನ್‌ಗಳನ್ನು ವಿಡಿಯೋ ಮಾಡಿ ಆ ಹಿರಿಯರಿಗೆ ತೋರಿಸಲಿ. ನುಂಗುವ ತೊಂದರೆಯವರನ್ನು ಇಲ್ಲೇ ನೋಡಿ ಎಂದು ಒತ್ತಾಯಿಸಬೇಡಿ. ಅನ್ನ ಶ್ವಾಸಕೋಶಕ್ಕೆ ಹೋಗುವ ಅಪಾಯವಿರುತ್ತದೆ, ಬಾಂಬೋಳಿಯ ಮೆಡಿಕಲ್ ಕಾಲೇಜಿಗೆ ಕಳಿಸಿ. ಸಾಧ್ಯವಾದರೆ ಒಬ್ಬರ ಬದಲು ಇಬ್ಬರನ್ನು ನೇಮಿಸಿ ಎರಡು ತಾಲೂಕು ಹಂಚಿಕೊಡಿ, ವಾರಕ್ಕೊಂದು ದಿನ ಮಡಗಾಂವ್‌ನಲ್ಲಿ ಸೇರಲಿ.

ಕೂಲಿ ಕುಟುಂಬಗಳು ಜಾತ್ರೆಗೆ, ಸುಗ್ಗಿಗೆ ಊರಿಗೆ ಹೋದರೆ ವಾರಗಟ್ಟಲೆ ಬರುವುದಿಲ್ಲ. ತಿಂಗಳುಗಟ್ಟಲೆ ಕಲಿಸಿದ್ದು ಮರೆತ ಮಗು ಎದುರಿಗೆ ಬಂದಾಗ ಥೆರಪಿಸ್ಟಿನ ಉತ್ಸಾಹ ಇಳಿಯುತ್ತದೆ. ಹೊರಡುವ ಮೊದಲೇ ಮೂರೇ ಮೂರು ಅಭ್ಯಾಸ ಬರೆದ ಕನ್ನಡ ಚೀಟಿ ಕೊಟ್ಟು, ವಾರಕ್ಕೊಮ್ಮೆ ವಾಟ್ಸಾಪಿನಲ್ಲಿ ಮಗುವಿನ ಧ್ವನಿ ತರಿಸಿಕೊಳ್ಳಿ.

ಅನುದಾನ ತಡವಾದರೂ ಸಂಬಳ ತಡವಾಗಬಾರದು, ಮೂರು ತಿಂಗಳ ಹಣ ಬೇರೆ ಖಾತೆಯಲ್ಲಿರಲಿ. ನೋಂದಣಿ ನವೀಕರಣಕ್ಕೆ ಬೇಕಾದ ತರಬೇತಿಗಳಿಗೆ ರಜೆಯೂ ಖರ್ಚೂ ನಿಮ್ಮದೇ. ಇಷ್ಟು ವರ್ಷ ಬಿಟ್ಟುಹೋಗುವುದಿಲ್ಲ ಎಂದು ಬಾಂಡ್ ಬರೆಸಿಕೊಳ್ಳುವುದು ಕೆಟ್ಟ ಯೋಚನೆ, ಒಳ್ಳೆಯವರು ಅರ್ಜಿಯನ್ನೇ ಹಾಕುವುದಿಲ್ಲ. ಸ್ನಾತಕೋತ್ತರ ಓದಿಗೆ ಹೋಗುವವರು ಹೋಗಲಿ, ಹೊಸಬರೊಂದಿಗೆ ಎರಡು ವಾರ ಜೊತೆಯಾಗಿ ಕೆಲಸ ಮಾಡಿ ಹೊರಡಲಿ. ಪ್ರತಿ ಫೈಲಿನ ಮೊದಲ ಪುಟದಲ್ಲಿ ಮೂರು ಸಾಲು ಬರೆಸಿಕೊಳ್ಳಿ: ಮಗುವಿನ ಮನೆಮಾತು ಯಾವುದು, ಅಭ್ಯಾಸ ಎಲ್ಲಿಗೆ ಬಂದಿದೆ, ಮನೆಯಲ್ಲಿ ಮಾಡಿಸುವವರು ಅಮ್ಮನೋ ಅಜ್ಜಿಯೋ.