ವಿಂಡೋ ಎಲ್ಲಿತ್ತೋ ಅಲ್ಲೇ ತೆರೆಯಬೇಕು ಅಂದ್ರೆ

ನಮ್ಮ ಡೆಸ್ಕ್‌ಟಾಪ್ ಅಪ್ಲಿಕೇಶನ್‌ನಲ್ಲಿ ವಿಂಡೋಗಳ ಜಾಗ ನೆನಪಿಡುವ ಭಾಗ ಬರೆದವನು ನಾನು. ಎಡ, ಮೇಲು, ಅಗಲ, ಎತ್ತರ: ನಾಲ್ಕು ಸಂಖ್ಯೆ ಬರೆದಿಟ್ಟರೆ ಮುಗೀತು ಅಲ್ವಾ ಅನ್ನಿಸುತ್ತದೆ. ಬರೆದಿಡುವುದು ಸುಲಭವೇ. ತಲೆನೋವು ಶುರುವಾಗುವುದು ವಾಪಸ್ ಇಡುವಾಗ.

ಮೊದಲು ಏನನ್ನು ಉಳಿಸಬೇಕು ಅನ್ನುವುದು. ವಿಂಡೋಸ್‌ನಲ್ಲಿ ಮಿನಿಮೈಸ್ ಆದ ವಿಂಡೋವನ್ನು ಎಲ್ಲಿದ್ದೀಯ ಎಂದು ಕೇಳಿದರೆ -32000, -32000 ಎಂಬ ಉತ್ತರ ಬರುತ್ತದೆ. ಅದನ್ನೇ ಉಳಿಸಿದರೆ ಮುಂದಿನ ಸಲ ಟಾಸ್ಕ್‌ಬಾರ್‌ನಲ್ಲಿ ಐಕಾನ್ ಇರುತ್ತದೆ, ವಿಂಡೋ ಮಾತ್ರ ಕಾಣುವುದಿಲ್ಲ. ಅದಕ್ಕೇ ನಾನು ವಿಂಡೋಸ್‌ನ ಗೆಟ್‌ವಿಂಡೋಪ್ಲೇಸ್‌ಮೆಂಟ್ ಎಂಬ ಫಂಕ್ಷನ್ ಬಳಸುತ್ತೇನೆ. ಮ್ಯಾಕ್ಸಿಮೈಸ್ ಆಗಿದ್ದರೂ ಅದು ಮಾಮೂಲಿ ಅಳತೆಯನ್ನು ಬೇರೆಯಾಗಿಯೇ ಕೊಡುತ್ತದೆ. ಮ್ಯಾಕ್ಸಿಮೈಸ್ ಆಗಿತ್ತು ಅನ್ನುವುದು, ಮಾಮೂಲಿ ಅಳತೆ, ಎರಡನ್ನೂ ಉಳಿಸಬೇಕು. ವಾಪಸ್ ಇಡುವುದೂ ಅದರ ಜೋಡಿ ಸೆಟ್‌ವಿಂಡೋಪ್ಲೇಸ್‌ಮೆಂಟ್‌ನಿಂದಲೇ ಆಗಬೇಕು. ಯಾಕಂದ್ರೆ ಇವೆರಡೂ ಟಾಸ್ಕ್‌ಬಾರ್ ಬಿಟ್ಟು ಉಳಿದ ಜಾಗದಿಂದ ಅಳೆಯುತ್ತವೆ. ಪೂರ್ತಿ ಪರದೆಯಿಂದ ಅಳೆಯುವ ಸೆಟ್‌ವಿಂಡೋಪಾಸ್ ಎಂಬ ಇನ್ನೊಂದು ಫಂಕ್ಷನ್ ಜೊತೆ ಬೆರೆಸಿದರೆ, ವಿಂಡೋಸ್ 10ರಲ್ಲಿ ಟಾಸ್ಕ್‌ಬಾರನ್ನು ಮೇಲೆ ಇಟ್ಟುಕೊಂಡವರ ವಿಂಡೋ ಪ್ರತಿ ಸಲ ತೆರೆದಾಗಲೂ ಇಷ್ಟಿಷ್ಟೇ ಮೇಲಕ್ಕೆ ಜರುಗುತ್ತದೆ.

ಇನ್ನು ವಾಪಸ್ ಇಡುವುದು. ಲ್ಯಾಪ್‌ಟಾಪ್‌ನಿಂದ ಎರಡನೇ ಮಾನಿಟರ್ ಕಿತ್ತಿದ್ದರೆ ಹಳೆಯ ಜಾಗವೇ ಇರುವುದಿಲ್ಲ. ವಿಂಡೋ ಪೂರ್ತಿ ಪರದೆಯಾಚೆ ಹೋಗುವಂತಿದ್ದರೆ ಸಿಸ್ಟಮ್ಮೇ ಒಳಗೆ ಎಳೆಯುತ್ತದೆ. ಅಂಚಷ್ಟೇ ಇಣುಕುತ್ತಿದ್ದರೆ ಸುಮ್ನೆ ಬಿಟ್ಟುಬಿಡುತ್ತದೆ. ಹಾಗಾಗಿ ನಾನು ಟೈಟಲ್ ಬಾರ್ ಒಂದನ್ನೇ ನೋಡುತ್ತೇನೆ: ಅದರಲ್ಲಿ ಮೌಸ್‌ನಿಂದ ಹಿಡಿಯುವಷ್ಟು ಭಾಗ ಯಾವುದಾದರೂ ಮಾನಿಟರ್‌ನಲ್ಲಿ ಇದೆಯಾ? ಇದ್ದರೆ ಸಾಕು, ಉಳಿದದ್ದನ್ನು ಜನ ಎಳೆದುಕೊಳ್ಳುತ್ತಾರೆ. ಋಣ ಸಂಖ್ಯೆ ಕಂಡ ತಕ್ಷಣ ಸೊನ್ನೆ ಮಾಡುವ ಕೋಡ್ ತುಂಬಾ ಕಡೆ ಇದೆ, ನನಗೆ ಅದನ್ನು ಕಂಡರೆ ಆಗುವುದಿಲ್ಲ. ಮುಖ್ಯ ಮಾನಿಟರ್‌ನ ಎಡಕ್ಕೆ ಇನ್ನೊಂದು ಇದ್ದರೆ ಅಲ್ಲಿ -1500 ಸರಿಯಾದ ಜಾಗವೇ.

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ ನಿಯಮ ಇದು: ಪ್ರೋಗ್ರಾಂ ತಾನೇ ಸರಿಸಿದ ಜಾಗವನ್ನು ಉಳಿಸಬಾರದು. ಮಾನಿಟರ್ ಇಲ್ಲ ಎಂದು ವಿಂಡೋವನ್ನು ಒಳಗೆ ತಂದೆವು, ಸರಿ. ಆ ಹೊಸ ಜಾಗವನ್ನು ಹಳೆಯದರ ಮೇಲೆ ಬರೆದರೆ, ಮಾನಿಟರ್ ಮತ್ತೆ ಜೋಡಿಸಿದಾಗ ಬಳಕೆದಾರರು ಕೈಯಾರೆ ಹೊಂದಿಸಿಕೊಂಡಿದ್ದು ಹೋಯಿತು. ಅದಕ್ಕೆ ಅವರು ಎಳೆದು ಬಿಟ್ಟ ಮೇಲೆ ಮಾತ್ರ ಉಳಿಸುತ್ತೇನೆ. ಆಗಲೇ ಉಳಿಸುವುದರಿಂದ ಪ್ರೋಗ್ರಾಂ ಕ್ರ್ಯಾಶ್ ಆದರೂ ಜಾಗ ಕಳೆದುಹೋಗುವುದಿಲ್ಲ. ಮಾನಿಟರ್‌ಗಳ ಒಂದೊಂದು ಜೋಡಣೆಗೂ ಬೇರೆ ಬೇರೆ ದಾಖಲೆ ಇಟ್ಟಿದ್ದೇನೆ. ಎಷ್ಟು ಮಾನಿಟರ್, ಯಾವ ಅಳತೆ, ಯಾವುದರ ಪಕ್ಕ ಯಾವುದು ಅನ್ನುವುದರಿಂದಲೇ ಅದರ ಕೀ, ಅಂದ್ರೆ ದಾಖಲೆಯನ್ನು ಹುಡುಕುವ ಗುರುತು.

ಸ್ಕೇಲಿಂಗ್ (ಪರದೆಯಲ್ಲಿ ಎಲ್ಲವನ್ನೂ ಎಷ್ಟು ದೊಡ್ಡದಾಗಿ ತೋರಿಸಬೇಕು ಅನ್ನುವ ಸೆಟ್ಟಿಂಗ್) 150% ಇರುವ ಪರದೆಯ ಅಳತೆಯನ್ನು 100%ರದ್ದಕ್ಕೆ ಹಾಗೇ ಹಾಕಿದರೆ ವಿಂಡೋ ಊದಿಕೊಂಡು ಬರುತ್ತದೆ. ಅಳತೆಯ ಜೊತೆ ಆಗಿನ ಡಿಪಿಐ, ಅಂದ್ರೆ ಆ ಸ್ಕೇಲಿಂಗನ್ನು ಹೇಳುವ ಸಂಖ್ಯೆ, ಕೂಡ ಬರೆದಿಡಿ.

ಲಿನಕ್ಸ್‌ನಲ್ಲಿ ವಿಂಡೋಗಳನ್ನು ಪರದೆಗೆ ತರುವ ವೇಲ್ಯಾಂಡ್ ಎಂಬ ವ್ಯವಸ್ಥೆಯಲ್ಲಿ ಮಾಮೂಲಿ ಅಪ್ಲಿಕೇಶನ್‌ಗೆ ತನ್ನ ವಿಂಡೋ ಪರದೆಯಲ್ಲಿ ಎಲ್ಲಿದೆ ಎಂದೇ ಗೊತ್ತಾಗುವುದಿಲ್ಲ, ಇಂಥ ಕಡೆ ಇಡು ಅನ್ನುವ ಹಾಗೂ ಇಲ್ಲ. ಅಲ್ಲಿ ನಾನು ಜಾಸ್ತಿ ಒದ್ದಾಡಲಿಲ್ಲ. ಅಳತೆ, ಮ್ಯಾಕ್ಸಿಮೈಸ್ ಸ್ಥಿತಿ ಎರಡನ್ನೇ ಉಳಿಸಿ, ಜಾಗವನ್ನು ಎಲ್ಲ ವಿಂಡೋಗಳನ್ನೂ ಪರದೆಯಲ್ಲಿ ಜೋಡಿಸುವ ಕಂಪೋಸಿಟರ್‌ಗೆ ಬಿಟ್ಟೆ.