ಲಿಸ್ಟೀರಿಯಾ ಕೊಡೆ ಬಿಚ್ಚುವುದನ್ನು ನೋಡಬೇಕೇ?

ಕಲಬುರಗಿ, ಏಪ್ರಿಲ್ ತಿಂಗಳು. ಲ್ಯಾಬ್‌ಗೆ ಹೊಸದಾಗಿ ಸೇರಿದ್ದೆ. ಲಿಸ್ಟೀರಿಯಾ ಮಾನೊಸೈಟೊಜೀನಸ್ ಎಂಬ ಬ್ಯಾಕ್ಟೀರಿಯಾವನ್ನು ಮೆತ್ತನೆಯ ಜೆಲ್ಲಿಗೆ ಚುಚ್ಚಿದ ಟ್ಯೂಬನ್ನು ಮೇಜಿನ ಮೇಲೇ ಬಿಟ್ಟೆ. ಅದು ಈಜಿ ಹರಡಿದರೆ ಜೆಲ್ಲಿಯೊಳಗೆ ಕೊಡೆಯಾಕಾರದ ಮಂಜು ಮೂಡುತ್ತದೆ. ಪುಸ್ತಕದಲ್ಲಿ ‘ರೂಮ್ ಟೆಂಪರೇಚರ್’ ಅಂತಿತ್ತಲ್ವಾ! ಮೂರು ದಿನ ಕಾದರೂ ಕೊಡೆ ಬರಲಿಲ್ಲ. ತಳಿಯೇ ಬೇರೆ ಅಂದುಕೊಂಡೆ. ಆಮೇಲೆ ಥರ್ಮಾಮೀಟರ್ ನೋಡಿದರೆ 38 ಡಿಗ್ರಿ. ಪುಸ್ತಕದ ರೂಮು 20–25 ಡಿಗ್ರಿಯದು.

ಈ ಬ್ಯಾಕ್ಟೀರಿಯಾ ಈಜುವುದು ಮೈಮೇಲಿನ ಫ್ಲಾಜೆಲ್ಲಾ ಎಂಬ ಸಣ್ಣ ಬಾಲಗಳಿಂದ. ತಂಪಿನಲ್ಲಿ ಬೆಳೆದರೆ ಬಾಲ ಕಟ್ಟುತ್ತದೆ. 37 ಡಿಗ್ರಿಯಲ್ಲಿ ಹೆಚ್ಚಿನ ತಳಿಗಳು ಕಟ್ಟುವುದನ್ನೇ ನಿಲ್ಲಿಸುತ್ತವೆ. ಬಾಲದ ಜೀನುಗಳ ಮೇಲೆ ಮೋಗ್‌ಆರ್ ಎಂಬ ಪ್ರೋಟೀನ್ ಬೀಗದಂತೆ ಕೂರುತ್ತದೆ. ತಂಪಿನಲ್ಲಿ ಜಿಮಾಆರ್ ಎಂಬ ಇನ್ನೊಂದು ಪ್ರೋಟೀನ್ ಅದನ್ನು ಹಿಡಿದು ಪಕ್ಕಕ್ಕೆ ಸರಿಸುತ್ತದೆ. ಬಿಸಿಯಾದರೆ ಆ ಹಿಡಿತ ಬಿಡುತ್ತದೆ.

ಸರಿ, ಕೆಲಸಕ್ಕೆ ಬರೋಣ. ಇದು ಜೈವಿಕ ಸುರಕ್ಷತೆ ಇರುವ ಲ್ಯಾಬ್‌ನಲ್ಲಿ ಮಾತ್ರ ಮಾಡುವ ಕೆಲಸ. ಗರ್ಭಿಣಿಯರು ಇದರ ಹತ್ತಿರ ಬರಬಾರದು, ಗರ್ಭಪಾತವಾಗುವ ಅಪಾಯವಿದೆ.

ಶೇ 0.3ರಿಂದ 0.4 ಅಗಾರ್ (ಜೆಲ್ಲಿ ಕಟ್ಟಿಸುವ ಪುಡಿ) ಹಾಕಿದ, ತೆಳ್ಳಗಿನ ಜೆಲ್ಲಿಯಂಥ ಮೀಡಿಯಾ, ಅಂದರೆ ಬ್ಯಾಕ್ಟೀರಿಯಾದ ಆಹಾರ, ಇರುವ ಎರಡು ಟ್ಯೂಬ್ ತೆಗೆದುಕೊಳ್ಳಿ. ಹೊಸ ಕಾಲೊನಿಯನ್ನು (ತಟ್ಟೆಯಲ್ಲಿ ಬೆಳೆದ ಬ್ಯಾಕ್ಟೀರಿಯಾದ ಚುಕ್ಕೆ) ನೇರ ಸೂಜಿಯಿಂದ ಮುಟ್ಟಿ. ತುದಿ ಬಳೆಯಂತೆ ಬಾಗಿದ ಲೂಪ್ ಬೇಡ, ಅದು ಅಗಾರನ್ನು ಸೀಳುತ್ತದೆ. ಎರಡೂ ಟ್ಯೂಬ್‌ಗೆ ಅರ್ಧ ಆಳದವರೆಗೆ ಚುಚ್ಚಿ, ಅದೇ ದಾರಿಯಲ್ಲಿ ಹೊರಗೆಳೆಯಿರಿ. ಕೈ ನಡುಗಿದರೆ ಆ ಟ್ಯೂಬ್ ಬಿಟ್ಟು ಹೊಸದೊಂದಕ್ಕೆ ಚುಚ್ಚಿ. ಒಂದನ್ನು 25 ಡಿಗ್ರಿಗೆ, ಇನ್ನೊಂದನ್ನು 37ಕ್ಕೆ ಇಡಿ. ಬೇಸಿಗೆಯಲ್ಲಿ 25 ಬೇಕೆಂದರೆ ತಂಪು ಮಾಡುವ ಬಿಓಡಿ ಇನ್‌ಕ್ಯುಬೇಟರೇ ಗತಿ.

ಎರಡನೇ ದಿನದಿಂದ ಬೆಳಕಿಗೆ ಹಿಡಿದು ನೋಡಿ. ಅಲುಗಿಸಬೇಡಿ. 25ರ ಟ್ಯೂಬ್‌ನಲ್ಲಿ ಮೇಲ್ಮೈಯಿಂದ ಕೆಲವೇ ಮಿಲಿಮೀಟರ್ ಕೆಳಗೆ ಮಂಜಿನಂಥ ಕೊಡೆ ಬಿಚ್ಚಿರುತ್ತದೆ. ಸ್ವಲ್ಪವೇ ಆಮ್ಲಜನಕ ಇರುವ ಆ ಮಟ್ಟ ಅದಕ್ಕೆ ಹಿತ. 37ರದ್ದರಲ್ಲಿ ಚುಚ್ಚಿದ ಗೆರೆಯಷ್ಟೇ ಬೆಳ್ಳಗಿರುತ್ತದೆ. ಅಲ್ಲೂ ಹರಡಿದ್ದರೆ ಗಾಬರಿ ಬೇಡ, ಕೆಲವು ತಳಿಗಳು 37ರಲ್ಲೂ ಈಜುತ್ತವೆ.

ನನಗೆ ತುಂಬಾ ಇಷ್ಟವಾದ ಭಾಗ ಮುಂದಿನದು. 37ರ ಗೆರೆಯಿಂದ ಸ್ವಲ್ಪ ತೆಗೆದು ಹೊಸ ಟ್ಯೂಬ್‌ಗೆ ಚುಚ್ಚಿ, 25ಕ್ಕೆ ಇಡಿ. ಕೊಡೆ ಮತ್ತೆ ಬಿಚ್ಚುತ್ತದೆ! ತಳಿ ಬದಲಾಗಿಲ್ಲ, ವೇಷ ಮಾತ್ರ ಬದಲಾಗಿತ್ತು. ಫ್ಲಾಜೆಲ್ಲಾ ಹಿಡಿಯುವ ಆಂಟಿಬಾಡಿ ಕಿಟ್ ಬಳಸುವವರು ಇದನ್ನು ಮರೆತು 37ರಲ್ಲಿ ಬೆಳೆಸಿದರೆ, ಲಿಸ್ಟೀರಿಯಾ ಎದುರಿಗಿದ್ದರೂ ನೆಗೆಟಿವ್ ಬರಬಹುದು. ಟ್ಯೂಬ್ ಮೇಲೆ ದಿನಾಂಕದ ಜೊತೆ ಡಿಗ್ರಿಯನ್ನೂ ಬರೆಯಿರಿ.

ಮುಗಿದ ಮೇಲೆ ಎಲ್ಲವನ್ನೂ 121 ಡಿಗ್ರಿಯಲ್ಲಿ ಆಟೋಕ್ಲೇವ್ ಮಾಡಿ, ಅಂದರೆ ಒತ್ತಡದ ಹಬೆಯಲ್ಲಿ ಬೇಯಿಸಿ, ಎಸೆಯಿರಿ. ಫೋಟೋ ಅದಕ್ಕೂ ಮುಂಚೆ ತೆಗೆದುಕೊಳ್ಳಿ.